ಗೊಂಬೆಯಾಟದ ಜಾರ್ಜ್ ಪಾಲ್ ಮತ್ತು ಅವನ ಕಾಲಯಂತ್ರ

ರೀಮೇಕ್ ಎಂಬ ಮಾತನ್ನು ಕನ್ನಡದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗಾಂಧಿನಗರದ ಕೃಪೆಯಿಂದ ಅದು ನಮಗೆ ಇಡ್ಲಿ ಚಟ್ನಿಯಷ್ಟೇ ಪರಿಚಿತ. ತಮಿಳಿನದು, ತೆಲುಗಿನದು, ಹಿಂದಿಯದು ಭಟ್ಟಿ ಇಳಿದು ಬಂದಾಗಲೆಲ್ಲ ಬೈಯುತ್ತೇವೆ. ಬೈಯುತ್ತಲೇ ಟಿಕೆಟ್ಟಿನ ಸಾಲಿನಲ್ಲೂ ನಿಲ್ಲುತ್ತೇವೆ. ರೀಮೇಕ್ ಕೆಡುವುದು ಏಕೆ ಅಂತ ಕೇಳಿದರೆ ನಮ್ಮ ಬಾಯಲ್ಲಿ ಒಂದು ಸಿದ್ಧ ಉತ್ತರವೂ ಇರುತ್ತದೆ: ಮೂಲಕ್ಕೆ ನಿಷ್ಠೆ ಇಲ್ಲ, ಕಥೆಯನ್ನೇ ಬದಲಾಯಿಸಿಬಿಟ್ಟರು. ಈ ಉತ್ತರ ಎಷ್ಟರ ಮಟ್ಟಿಗೆ ಸರಿ? ಒರೆಗೆ ಹಚ್ಚಿ ನೋಡಲು ಹಾಲಿವುಡ್ಡಿನಲ್ಲಿ ಒಂದು ಒಳ್ಳೆಯ ಪ್ರಸಂಗ ಇದೆ.

2002ರ ಮಾರ್ಚಿಯಲ್ಲಿ ‘ದಿ ಟೈಮ್ ಮಷೀನ್’ ಎಂಬ ಚಿತ್ರ ಬಂತು. ಖರ್ಚು ಸುಮಾರು 8 ಕೋಟಿ ಡಾಲರು. ನಿರ್ದೇಶಕ ಸೈಮನ್ ವೆಲ್ಸ್. ಇವನು ಬೇರೆ ಯಾರೂ ಅಲ್ಲ, 1895ರಲ್ಲಿ ಆ ಹೆಸರಿನ ಕಾದಂಬರಿ ಬರೆದ ಎಚ್. ಜಿ. ವೆಲ್ಸ್‌ನ ಮರಿಮಗ. ಹಣ ಇತ್ತು, ಕಂಪ್ಯೂಟರ್ ಇತ್ತು, ಮನೆತನದ ಹಕ್ಕೂ ಇತ್ತು. ಇಷ್ಟಿದ್ದೂ ನೋಡಿದವರಲ್ಲಿ ಬಹುಪಾಲು ಮಂದಿ ನಿರಾಸೆಯಿಂದ ಎದ್ದು ಬಂದರು. ವಿಮರ್ಶಕರು 42 ವರ್ಷ ಹಿಂದಿನ ಹಳೆಯ ಚಿತ್ರವನ್ನು ನೆನೆದು ನಿಟ್ಟುಸಿರು ಬಿಟ್ಟರು. ಹತ್ತು ಲಕ್ಷ ಡಾಲರಿಗೂ ಕಡಿಮೆ ಹಣದಲ್ಲಿ ಆ ಹಳೆಯ ಚಿತ್ರ ಮಾಡಿದವನು ವೆಲ್ಸ್ ಮನೆತನದವನಲ್ಲ, ಇಂಗ್ಲಿಷಿನವನೂ ಅಲ್ಲ. ಹಂಗೇರಿಯಿಂದ ಹೊರಟು ಊರೂರು ಸುತ್ತಿ ಅಮೆರಿಕ ಸೇರಿದ ಗೊಂಬೆಯಾಟದವನು. ಹೆಸರು ಜಾರ್ಜ್ ಪಾಲ್. ಹೊಸ ಚಿತ್ರ ಏಕೆ ಸೋತಿತು ಅನ್ನುವುದಕ್ಕೆ ಉತ್ತರ ಬೇಕಾದರೆ ಈ ಮನುಷ್ಯನ ಬದುಕನ್ನು ತಿಳಿಯಬೇಕು.

ಪಾಲ್ ಹುಟ್ಟಿದ್ದು 1908ರ ಫೆಬ್ರವರಿ 1ರಂದು, ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಚೆಗ್ಲೇಡ್ ಎಂಬ ಊರಿನಲ್ಲಿ. ತಂದೆ ತಾಯಿ ಇಬ್ಬರೂ ರಂಗಭೂಮಿಯವರು. ಹುಡುಗ ಮಾತ್ರ ವಾಸ್ತುಶಿಲ್ಪ ಓದಿದ. ಬುಡಾಪೆಸ್ಟಿನಲ್ಲಿ ಓದು ಮುಗಿಸಿ 1928ರಲ್ಲಿ ಹೊರಬಂದಾಗ ಕಟ್ಟಡ ಕಟ್ಟಿಸುವವರು ಯಾರೂ ಕೈ ಬೀಸಿ ಕರೆಯಲಿಲ್ಲ. ಡಿಗ್ರಿ ಒಂದು, ನೌಕರಿ ಇನ್ನೊಂದು! ಇದು ನಮ್ಮ ಕಾಲದ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ಹುನ್ನಿಯಾ ಎಂಬ ಸಿನಿಮಾ ಸ್ಟುಡಿಯೋದಲ್ಲಿ ಕೆಲಸ ಹಿಡಿದ. ಅಲ್ಲಿ ಚಿತ್ರ ಬರೆದು ಓಡಿಸುವ ವಿದ್ಯೆ ಕಲಿತ. ಮದುವೆಯಾಯಿತು. ಹೆಂಡತಿ ಜೋಕಾ ಕೊನೆಯವರೆಗೂ ಜೊತೆಗಿದ್ದವಳು. 1931ರಲ್ಲಿ ಇಬ್ಬರೂ ಬರ್ಲಿನ್ನಿಗೆ ಹೋದರು. ಆಗ ಯೂರೋಪಿನ ದೊಡ್ಡ ಚಿತ್ರಸಂಸ್ಥೆಗಳಲ್ಲಿ ಒಂದಾಗಿದ್ದ ಊಫಾದಲ್ಲಿ ಪಾಲ್‌ಗೆ ಜಾಗ ಸಿಕ್ಕಿತು. ಸಿಗರೇಟುಗಳೇ ಪಾತ್ರ ವಹಿಸುವ ಜಾಹೀರಾತು ಚಿತ್ರ ಮಾಡಿ ಹೆಸರು ಗಳಿಸಿದ.

ಅಷ್ಟರಲ್ಲಿ 1933 ಬಂತು. ಹಿಟ್ಲರನ ಸರ್ಕಾರ ಬಂದ ಮೇಲೆ ಹೊರನಾಡಿನಿಂದ ಬಂದವರಿಗೆ ಬರ್ಲಿನ್ನಿನಲ್ಲಿ ಉಸಿರು ಕಟ್ಟುವ ಹಾಗಾಯಿತು. ಗಂಡ ಹೆಂಡತಿ ಗಂಟುಮೂಟೆ ಕಟ್ಟಿದರು. ಮೊದಲು ಪ್ರಾಗ್, ಆಮೇಲೆ ಪ್ಯಾರಿಸ್, ಕೊನೆಗೆ ಹಾಲೆಂಡಿನ ಐಂಡ್‌ಹೋವನ್. ರೇಡಿಯೋ ತಯಾರಿಸುವ ಫಿಲಿಪ್ಸ್ ಕಂಪನಿಯ ಊರು ಅದು. ಕಂಪನಿಗೆ ಜಾಹೀರಾತು ಬೇಕಿತ್ತು, ಪಾಲ್‌ಗೆ ಅನ್ನ ಬೇಕಿತ್ತು. ಅಲ್ಲಿ ಕುಳಿತು ಅವನು ಗೊಂಬೆಚಿತ್ರದ ತನ್ನದೇ ಒಂದು ಪದ್ಧತಿಯನ್ನು ಪಕ್ವ ಮಾಡಿದ.

ಈ ಪದ್ಧತಿ ಏನು ಅಂತ ಸ್ವಲ್ಪ ನೋಡೋಣ. ಮುಂದೆ ಉಪಯೋಗಕ್ಕೆ ಬರುತ್ತದೆ. ಸಿನಿಮಾ ಅಂದರೆ ಸೆಕೆಂಡಿಗೆ 24 ಸ್ಥಿರಚಿತ್ರ. ಸಾಮಾನ್ಯ ಗೊಂಬೆಚಿತ್ರದಲ್ಲಿ ಕೀಲು ಇರುವ ಒಂದೇ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು ಚಿತ್ರ ಹೀಗೆ ತೆಗೆಯುತ್ತಾರೆ. ಪಾಲ್ ಹಾಗೆ ಮಾಡಲಿಲ್ಲ. ಪ್ರತಿ ಭಂಗಿಗೂ ಬೇರೆಯೇ ತಲೆ, ಬೇರೆಯೇ ಕಾಲು ಮರದಲ್ಲಿ ಕೆತ್ತಿಸಿದ. ಗೊಂಬೆ ನಗಬೇಕಾದರೆ ನಗು ಅರಳುವ ಅಷ್ಟೂ ಹಂತಗಳಿಗೆ ಅಷ್ಟು ತಲೆ. ಒಂದನ್ನು ತೆಗೆದು ಇನ್ನೊಂದನ್ನು ಇಟ್ಟು ಚಿತ್ರ. ಒಂದು ಕಿರುಚಿತ್ರಕ್ಕೆ ಸಾವಿರಾರು ಬಿಡಿಭಾಗ ಬೇಕಾಗುತ್ತಿತ್ತು. ಬಡಗಿಯ ತಾಳ್ಮೆ, ಗಡಿಯಾರ ರಿಪೇರಿಯವನ ಕಣ್ಣು, ಎರಡೂ ಇರಬೇಕಾದ ಕೆಲಸ. ಅಂದರೆ ಕಾಲವನ್ನು ಚೂರು ಚೂರು ಮಾಡಿ ಕೈಯಿಂದ ಜೋಡಿಸುವುದೇ ಇವನ ಕಸುಬಾಯಿತು.

1939ರ ಡಿಸೆಂಬರಿನಲ್ಲಿ ಪಾಲ್ ಯೂರೋಪ್ ಬಿಟ್ಟು ಅಮೆರಿಕಕ್ಕೆ ಹೊರಟ. ಐದು ತಿಂಗಳು ಕಳೆಯುವುದರೊಳಗೆ, 1940ರ ಮೇ ತಿಂಗಳಲ್ಲಿ, ಜರ್ಮನ್ ಸೇನೆ ಹಾಲೆಂಡಿಗೆ ನುಗ್ಗಿತು. ಅವನು ಗೊಂಬೆ ಕೆತ್ತಿಸುತ್ತಿದ್ದ ಊರು ಶತ್ರುವಿನ ವಶವಾಯಿತು. ಅವನು ಪಾರಾದ. ಆದರೆ ಪಾರಾದವನು ಮರೆಯುತ್ತಾನೆ ಅಂತ ಏನಿಲ್ಲವಲ್ಲ. ಪ್ಯಾರಾಮೌಂಟ್ ಕಂಪನಿಗೆ ‘ಪಪೆಟೂನ್’ ಎಂಬ ಹೆಸರಿನ ಕಿರುಚಿತ್ರಗಳನ್ನು ಮಾಡಿಕೊಡುತ್ತ, 1942ರಲ್ಲಿ ‘ಟ್ಯೂಲಿಪ್ಸ್ ಶಲ್ ಗ್ರೋ’ ಎಂಬ ಚಿತ್ರ ತೆಗೆದ. ಡಚ್ ಹುಡುಗ ಮತ್ತು ಹುಡುಗಿ ಹೂವಿನ ಹೊಲದಲ್ಲಿ ಕುಣಿಯುತ್ತಿರುವಾಗ ನಟ್ಟು ಬೋಲ್ಟುಗಳ ಒಂದು ಸೈನ್ಯ ಬಂದು ಎಲ್ಲವನ್ನೂ ತುಳಿದುಹಾಕುತ್ತದೆ. ಕೊನೆಗೆ ಮಳೆ ಬಂದು ಆ ಕಬ್ಬಿಣದ ಸೈನ್ಯ ತುಕ್ಕು ಹಿಡಿದು ನಿಂತುಬಿಡುತ್ತದೆ. ಮಕ್ಕಳ ಕಥೆ ಹೌದು. ಅದರ ಒಳಗೆ ಊರು ಬಿಟ್ಟು ಬಂದವನ ಸಂಕಟವೂ ಇದೆ.

ಈ ಕಾಲದಲ್ಲಿ ಅವನ ಕೈಕೆಳಗೆ ಕೆಲಸ ಕಲಿತವರಲ್ಲಿ ರೇ ಹ್ಯಾರಿಹೌಸನ್ ಒಬ್ಬ. ಮುಂದೆ ಇದೇ ವಿದ್ಯೆಯಲ್ಲಿ ದೊಡ್ಡ ಹೆಸರು. 1944ರಲ್ಲಿ ಆಸ್ಕರ್ ಸಂಸ್ಥೆ ಪಾಲ್‌ಗೆ ವಿಶೇಷ ಪ್ರಶಸ್ತಿ ಕೊಟ್ಟಿತು. ಎಲ್ಲವೂ ಹೊಗಳಿಕೆಯೇ ಆಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ‘ಜಾಸ್ಪರ್’ ಎಂಬ ಕರಿಯ ಹುಡುಗನ ಗೊಂಬೆಚಿತ್ರಗಳಲ್ಲಿ ಕರಿಯರನ್ನು ಗೇಲಿಯ ಅಚ್ಚಿನಲ್ಲಿ ಎರಕ ಹೊಯ್ದಿದ್ದ. ಅದಕ್ಕೆ ಸರಿಯಾದ ಟೀಕೆಯೇ ಬಂತು. 1946ರಲ್ಲಿ ಕರಿಯರ ಜನಪದ ವೀರ ಜಾನ್ ಹೆನ್ರಿಯ ಕಥೆಯನ್ನು ಗೌರವದಿಂದ ಚಿತ್ರ ಮಾಡಿದ. ಅದು ಮೆಚ್ಚುಗೆ ಪಡೆಯಿತು. ಆದರೆ ಮರ ಕೆತ್ತುವ ಖರ್ಚು ಏರುತ್ತ ಹೋಗಿ, 1947ರ ಹೊತ್ತಿಗೆ ಗೊಂಬೆಯಾಟಕ್ಕೆ ತೆರೆ ಬಿತ್ತು.

ಬೇರೆಯವರಾಗಿದ್ದರೆ ಅಲ್ಲಿಗೇ ಕೈಕಟ್ಟಿ ಕೂರುತ್ತಿದ್ದರು. ಪಾಲ್ ಮನುಷ್ಯರನ್ನು ಇಟ್ಟುಕೊಂಡು ದೊಡ್ಡ ಚಿತ್ರಗಳಿಗೆ ಕೈಹಾಕಿದ. 1950ರಲ್ಲಿ ‘ಡೆಸ್ಟಿನೇಷನ್ ಮೂನ್’. ಲೇಖಕ ರಾಬರ್ಟ್ ಹೈನ್‌ಲೈನ್ ಕಥೆಗೆ ಕೈಜೋಡಿಸಿದ. ಚೆಸ್ಲಿ ಬೋನೆಸ್ಟೆಲ್ ಚಂದ್ರನ ನೆಲವನ್ನು ಬಣ್ಣದಲ್ಲಿ ಬರೆದುಕೊಟ್ಟ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ, ನೆನಪಿರಲಿ. 1951ರಲ್ಲಿ ‘ವೆನ್ ವರ್ಲ್ಡ್ಸ್ ಕೊಲೈಡ್’. 1953ರಲ್ಲಿ ವೆಲ್ಸ್‌ನ ಕಾದಂಬರಿಯನ್ನು ಆಧರಿಸಿದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’. ಮೂರೂ ಚಿತ್ರಗಳಿಗೆ ಸ್ಪೆಷಲ್ ಎಫೆಕ್ಟ್ಸ್ ಆಸ್ಕರ್ ಬಂತು. ಇವುಗಳಲ್ಲಿ ಪಾಲ್ ನಿರ್ಮಾಪಕ ಮಾತ್ರ, ನಿರ್ದೇಶಕರು ಬೇರೆ. ಆದರೂ ಆ ಪುಟ್ಟ ಮಾದರಿಗಳು, ತಂತಿಗೆ ತೂಗುಹಾಕಿದ ಮಂಗಳದ ಯಂತ್ರಗಳು, ಎಲ್ಲವೂ ಗೊಂಬೆಯಾಟದವನ ಮನೆಯಿಂದಲೇ ಬಂದವು ಅಂತ ಗೊತ್ತಾಗುತ್ತದೆ.

ಇಲ್ಲೊಂದು ಮಾತು ಗಮನಿಸಿ. ವೆಲ್ಸ್ ಆ ಕಾದಂಬರಿಯಲ್ಲಿ ಮಂಗಳ ಗ್ರಹದವರನ್ನು ಇಳಿಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಇಂಗ್ಲೆಂಡಿನಲ್ಲಿ. ಪಾಲ್ ಅವರನ್ನು ತನ್ನ ಕಾಲದ ಕ್ಯಾಲಿಫೋರ್ನಿಯಾದಲ್ಲಿ ಇಳಿಸಿದ. ನಿಷ್ಠೆಯೇ ಅಳತೆಗೋಲಾದರೆ ಇದೂ ದ್ರೋಹವೇ ಸರಿ. ಯಾರೂ ಹಾಗೆ ಅನ್ನಲಿಲ್ಲ.

1955ರಲ್ಲಿ ‘ಕಾಂಕ್ವೆಸ್ಟ್ ಆಫ್ ಸ್ಪೇಸ್’ ಮಕಾಡೆ ಮಲಗಿತು. ಪ್ಯಾರಾಮೌಂಟ್ ಜೊತೆಗಿನ ನಂಟು ಕಳಚಿತು. ಪಾಲ್ ಎಂಜಿಎಂ ಕಂಪನಿಗೆ ಬಂದು 1958ರಲ್ಲಿ ‘ಟಾಮ್ ಥಂಬ್’ ಚಿತ್ರವನ್ನು ತಾನೇ ನಿರ್ದೇಶಿಸಿದ. ಹೆಬ್ಬೆಟ್ಟಿನಷ್ಟು ಹುಡುಗನ ಕಥೆ. ಅದಕ್ಕೂ ಎಫೆಕ್ಟ್ಸ್ ಆಸ್ಕರ್. ಆ ಗೆಲುವಿನ ಬೆನ್ನಿಗೆ 1960ರಲ್ಲಿ ‘ದಿ ಟೈಮ್ ಮಷೀನ್’ ಬಂತು.

ವೆಲ್ಸ್‌ನ ಪುಸ್ತಕ ಓದಿದವರಿಗೆ ಅದರ ತಿರುಳು ಗೊತ್ತು. ಕಾಲದಲ್ಲಿ ಪಯಣಿಸುವ ಒಬ್ಬ ಮನುಷ್ಯ ಕ್ರಿ.ಶ. 802701ಕ್ಕೆ ಹೋಗುತ್ತಾನೆ. ಮಾನವಕುಲ ಅಷ್ಟರಲ್ಲಿ ಎರಡಾಗಿ ಸೀಳಿದೆ. ನೆಲದ ಮೇಲೆ ಇಲಾಯ್‌ಗಳು: ಚೆಲುವರು, ಸೋಮಾರಿಗಳು, ಮಕ್ಕಳಂಥವರು. ನೆಲದ ಕೆಳಗೆ ಮಾರ್ಲಾಕ್‌ಗಳು: ಬೆಳಕಿಗೆ ಅಂಜುವವರು, ಯಂತ್ರ ನಡೆಸುವವರು, ರಾತ್ರಿ ಬಂದು ಇಲಾಯ್‌ಗಳನ್ನು ಹಿಡಿದು ತಿನ್ನುವವರು. ವೆಲ್ಸ್ ಬರೆದದ್ದು ವರ್ಗಗಳ ಕಥೆ. ಕೂತು ಉಂಡವರ ಸಂತಾನ ಮೇಲೆ ಉಳಿಯಿತು, ದುಡಿದವರ ಸಂತಾನ ಕೆಳಗೆ ಇಳಿಯಿತು. ವೆಲ್ಸ್‌ನ ತಾಯಿ ದೊಡ್ಡ ಬಂಗಲೆಯೊಂದರಲ್ಲಿ ಮನೆವಾರ್ತೆ ನೋಡುತ್ತಿದ್ದವಳು. ಆಳುಗಳು ನೆಲಮಾಳಿಗೆಯಲ್ಲಿ ಓಡಾಡುವ ಆ ಮನೆಯನ್ನು ಹುಡುಗ ಕಣ್ಣಾರೆ ಕಂಡಿದ್ದ. ಅಂದರೆ ಆ ಕಲ್ಪನೆಗೆ ಅವನ ಬದುಕೇ ಬೇರು.

ಪಾಲ್ ಇದನ್ನು ಪೂರಾ ಬದಲಾಯಿಸಿದ! ವರ್ಗದ ಮಾತು ಹೋಯಿತು, ಆ ಜಾಗಕ್ಕೆ ಯುದ್ಧ ಬಂತು. ಚಿತ್ರದ ನಾಯಕ ಜಾರ್ಜ್ ಲಂಡನ್ನಿನಿಂದ ಹೊರಡುವುದು 1899ರ ಡಿಸೆಂಬರ್ 31ರಂದು. ಪಾತ್ರ ಮಾಡಿದವನು ರಾಡ್ ಟೇಲರ್. ಮುಂದಿನ ಶತಮಾನದಲ್ಲಿ ಶಾಂತಿ ಕಾಣಬಹುದು ಎಂಬ ಆಸೆ ಅವನಿಗೆ. 1917ರಲ್ಲಿ ಇಳಿದರೆ ಮೊದಲ ಮಹಾಯುದ್ಧ. ಆಪ್ತಸ್ನೇಹಿತ ಫಿಲ್ಬಿ ಅದರಲ್ಲಿ ಸತ್ತಿದ್ದಾನೆ, ಎದುರಿಗೆ ನಿಂತಿರುವವನು ಅವನ ಮಗ. 1940ರಲ್ಲಿ ನಿಂತರೆ ಲಂಡನ್ನಿನ ಮೇಲೆ ಬಾಂಬು. 1966ರಲ್ಲಿ ನಿಂತರೆ ಪರಮಾಣು ಯುದ್ಧ. ನೆಲ ಸೀಳಿ ಲಾವಾ ಹರಿದು ಯಂತ್ರ ಬಂಡೆಯೊಳಗೆ ಸಿಕ್ಕಿಕೊಳ್ಳುತ್ತದೆ. 1960ರಲ್ಲಿ ಚಿತ್ರ ನೋಡಿದವರಿಗೆ 1966 ಅಂದರೆ ಇನ್ನು ಆರೇ ವರ್ಷ. ಪ್ರೇಕ್ಷಕ ಕುರ್ಚಿಯಲ್ಲಿ ಅಲುಗಾಡದೆ ಇರುತ್ತಾನೆಯೇ?

ಈ ಚಿತ್ರದಲ್ಲಿ ಎಲ್ಲರ ಮನಸ್ಸಿನಲ್ಲಿ ನಿಲ್ಲುವುದು ಒಂದು ಸೈರನ್. ಯುದ್ಧಕಾಲದಲ್ಲಿ ಸೈರನ್ ಕೂಗಿದರೆ ಜನ ನೆಲಮಾಳಿಗೆಗೆ ಓಡುತ್ತಾರೆ. 802701ರಲ್ಲೂ ಅದೇ ಸೈರನ್ ಕೂಗುತ್ತದೆ. ಯುದ್ಧ ಮುಗಿದು ಯುಗಗಳೇ ಆಗಿವೆ. ಯಾಕೆ ಕೂಗುತ್ತದೆ ಎಂದು ಕೇಳುವವರೂ ಇಲ್ಲ. ಆದರೆ ಕೂಗಿದ ಕೂಡಲೇ ಇಲಾಯ್‌ಗಳು ಕಣ್ಣು ಮಂಕಾಗಿ ಎದ್ದು ಸಾಲಾಗಿ ಪಾತಾಳದ ಬಾಗಿಲಿಗೆ ನಡೆಯುತ್ತಾರೆ. ಒಳಗೆ ಕಾದಿರುವುದು ರಕ್ಷಣೆಯಲ್ಲ, ಕಸಾಯಿಖಾನೆ. ವೆಲ್ಸ್‌ನ ಪುಸ್ತಕದಲ್ಲಿ ಈ ಸೈರನ್ ಇಲ್ಲ. 1895ರಲ್ಲಿ ವಿಮಾನದಾಳಿಯ ಸೈರನ್ ಎಲ್ಲಿಂದ ಬರಬೇಕು? ಬರ್ಲಿನ್ನಿನಲ್ಲಿ ಜನ ಒಂದು ಕೂಗಿಗೆ ಹೆಜ್ಜೆ ಹಾಕುವುದನ್ನು ಕಂಡ ಕಾಲ ಪಾಲನದು. ದಾರ ಎಳೆದರೆ ನಡೆಯುವ ಗೊಂಬೆ ಯಾವುದು, ಮನುಷ್ಯ ಯಾವುದು ಅನ್ನುವ ವ್ಯತ್ಯಾಸ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ!

ಕಾಲ ಓಡುವುದನ್ನು ತೋರಿಸಿದ ರೀತಿಯೂ ಅವನ ಹಳೆಯ ಕಸುಬಿನದೇ. ಮೇಣದಬತ್ತಿ ಸರಸರನೆ ಕರಗುತ್ತದೆ, ಬಸವನಹುಳು ಓಡುತ್ತದೆ, ಹೂ ಅರಳಿ ಮುಚ್ಚುತ್ತದೆ. ಎದುರಿನ ಅಂಗಡಿಯ ಗಾಜಿನಲ್ಲಿ ನಿಂತ ಬಟ್ಟೆಗೊಂಬೆಯ ಉಡುಪು ಕ್ಷಣಕ್ಷಣಕ್ಕೆ ಬದಲಾಗುತ್ತದೆ, ಲಂಗ ಮೇಲೇರುತ್ತದೆ. ಇಡೀ ಶತಮಾನದ ಚರಿತ್ರೆಯನ್ನು ಒಂದು ಅಂಗಡಿಯ ಗೊಂಬೆಯಿಂದ ಹೇಳಿಸಿದ. ಒಂದೊಂದೇ ಚಿತ್ರ ತೆಗೆದು ಜೋಡಿಸುವ ಅದೇ ವಿದ್ಯೆ. ಚಿತ್ರಕ್ಕೆ ಎಫೆಕ್ಟ್ಸ್ ಆಸ್ಕರ್ ಬಂತು. ಪಾಲ್‌ನ ಚಿತ್ರಗಳಿಗೆ ಇದು ಐದನೆಯದು.

ಚಿತ್ರದಲ್ಲಿ ಕೊರತೆಗಳು ಇಲ್ಲವೆಂದಲ್ಲ. ಮಾರ್ಲಾಕ್‌ಗಳ ನೀಲಿ ಮೈ ಈಗ ನೋಡಿದರೆ ನಾಟಕದ ವೇಷ ಕಂಡ ಹಾಗೆ ಕಾಣುತ್ತದೆ. ಗುದ್ದಾಟ ಸ್ವಲ್ಪ ಅಗ್ಗದ್ದು. ವರ್ಗದ ಪ್ರಶ್ನೆ ಬಿಟ್ಟುಹೋದದ್ದಂತೂ ಪುಸ್ತಕ ಮೆಚ್ಚಿದವರಿಗೆ ನಷ್ಟವೇ. ಆದರೂ ಚಿತ್ರ ನಿಂತಿತು. ಇಲಾಯ್‌ಗಳ ಬಳಿ ನಾಯಕ ಪುಸ್ತಕ ಕೇಳುತ್ತಾನೆ. ತೋರಿಸಿದ ಪುಸ್ತಕ ಮುಟ್ಟಿದರೆ ಅವನ ಕೈಯಲ್ಲೇ ಪುಡಿಯಾಗುತ್ತದೆ. ಕಡೆಯಲ್ಲಿ ಅವನು ಮನೆಗೆ ಬಂದು ಮತ್ತೆ ಭವಿಷ್ಯಕ್ಕೆ ಹೋಗುವಾಗ ಕಪಾಟಿನಿಂದ ಮೂರು ಪುಸ್ತಕ ಒಯ್ದಿರುತ್ತಾನೆ. ಯಾವ ಮೂರು ಅಂತ ಚಿತ್ರ ಹೇಳುವುದಿಲ್ಲ, ನಮಗೇ ಬಿಟ್ಟುಬಿಡುತ್ತದೆ.

ಆಮೇಲಿನ ವರ್ಷಗಳು ಪಾಲ್‌ಗೆ ಇಳಿಜಾರು. 1961ರ ‘ಅಟ್ಲಾಂಟಿಸ್’ ಅವಸರದ ಅಡುಗೆ. 1964ರ ‘7 ಫೇಸಸ್ ಆಫ್ ಡಾಕ್ಟರ್ ಲಾವೋ’ ಈಗ ಪ್ರೀತಿಯಿಂದ ನೆನೆಯುವಂಥದ್ದು, ಆಗ ಹಣ ತರಲಿಲ್ಲ. 1975ರ ‘ಡಾಕ್ ಸ್ಯಾವೇಜ್’ ಸೋಲಿನಲ್ಲಿ ಮುಗಿಯಿತು. ಅದೇ ಅವನ ಕೊನೆಯ ಚಿತ್ರ. ಕಾಲಯಂತ್ರದ ಮುಂದಿನ ಭಾಗ ತೆಗೆಯಬೇಕು ಅಂತ ಅವನಿಗೆ ಬಹಳ ಆಸೆ. ಹಣ ಹಾಕುವವರು ಸಿಗಲಿಲ್ಲ. ಇನ್ನೊಬ್ಬರ ಜೊತೆ ಸೇರಿ ಅದನ್ನು ಕಾದಂಬರಿಯಾಗಿ ಬರೆದ. ಪುಸ್ತಕ ಹೊರಬರುವ ಹೊತ್ತಿಗೆ ಅವನೇ ಇರಲಿಲ್ಲ. 1980ರ ಮೇ 2ರಂದು ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 72.

ಅಂದ ಹಾಗೆ ಆ ಯಂತ್ರದ ಗತಿ ಏನಾಯಿತು ಗೊತ್ತೇ? ಕ್ಷೌರದ ಕುರ್ಚಿಯಂಥ ಆಸನ, ಹಿಂದೆ ಸೂರ್ಯನ ಹಾಗೆ ತಿರುಗುವ ದೊಡ್ಡ ತಟ್ಟೆ. ಎಂಜಿಎಂ ಕಂಪನಿ 1970ರಲ್ಲಿ ಹಳೆಯ ಸಾಮಾನೆಲ್ಲ ಹರಾಜು ಹಾಕಿದಾಗ ಅದೂ ಹೋಯಿತು. ಕೆಲವು ವರ್ಷಗಳ ಮೇಲೆ ಕ್ಯಾಲಿಫೋರ್ನಿಯಾದ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ಮುರುಕಲಾಗಿ ಬಿದ್ದಿದ್ದದ್ದನ್ನು ಸಿನಿಮಾ ಹುಚ್ಚಿನ ಸಂಗ್ರಾಹಕನೊಬ್ಬ ಕಂಡು, ಕೊಂಡು, ಗೆಳೆಯರ ಜೊತೆ ಕೂತು ರಿಪೇರಿ ಮಾಡಿದ. ಹೊಗಳಬೇಕಾದ ಭಕ್ತಿ ಅದು.

ಈಗ ಮತ್ತೆ 2002ಕ್ಕೆ ಬರೋಣ. ಸೈಮನ್ ವೆಲ್ಸ್ ಕೂಡ ಕಾರ್ಟೂನ್ ಚಿತ್ರಗಳ ಕಡೆಯಿಂದ ಬಂದವನು. ‘ದಿ ಪ್ರಿನ್ಸ್ ಆಫ್ ಈಜಿಪ್ಟ್’ ಚಿತ್ರದ ನಿರ್ದೇಶಕರಲ್ಲಿ ಒಬ್ಬ. ಕೈಲಾಗದವನಲ್ಲ. ಶೂಟಿಂಗಿನ ಕೊನೆಗೆ ದಣಿದು ಮಲಗಿ, ಉಳಿದ ದಿನಗಳನ್ನು ಗೋರ್ ವರ್ಬಿನ್ಸ್ಕಿ ಮುಗಿಸಿಕೊಟ್ಟ. ಅಷ್ಟು ಮೈಮುರಿದು ದುಡಿದವನು. ಚಿತ್ರದಲ್ಲಿ ಒಳ್ಳೆಯದೂ ಇದೆ. ಹಿತ್ತಾಳೆ ಗಾಜಿನ ಹೊಸ ಯಂತ್ರ ಕಣ್ಣಿಗೆ ಹಬ್ಬ. ಮಾರ್ಲಾಕ್‌ಗಳ ಮೇಕಪ್ಪಿಗೆ ಚಿತ್ರ ಆಸ್ಕರ್ ಸ್ಪರ್ಧೆಯವರೆಗೂ ಹೋಯಿತು. ಹಳೆಯ ಚಿತ್ರದಲ್ಲಿ ಫಿಲ್ಬಿ ಆಗಿದ್ದ ಅಲನ್ ಯಂಗ್‌ನನ್ನು ಕರೆದು ಹೂವಿನಂಗಡಿಯವನ ಪಾತ್ರ ಕೊಟ್ಟರು. ಹಿರಿಯರಿಗೆ ಮರ್ಯಾದೆ ಮಾಡಿದ ಹಾಗೆ.

ಕಥೆ? ಲಂಡನ್ ಹೋಗಿ ನ್ಯೂಯಾರ್ಕ್ ಬಂತು. ನಾಯಕ ಅಲೆಕ್ಸಾಂಡರ್, ನಟ ಗೈ ಪಿಯರ್ಸ್. ಮದುವೆಯಾಗಬೇಕಿದ್ದ ಹುಡುಗಿ ಕಳ್ಳನೊಬ್ಬನ ಗುಂಡಿಗೆ ಸಾಯುತ್ತಾಳೆ. ಅವಳನ್ನು ಉಳಿಸಲು ಅವನು ಯಂತ್ರ ಕಟ್ಟಿ ಹಿಂದಕ್ಕೆ ಹೋಗುತ್ತಾನೆ. ಅವಳು ಮತ್ತೊಂದು ಅಪಘಾತದಲ್ಲಿ ಸಾಯುತ್ತಾಳೆ. ಗತವನ್ನು ಏಕೆ ಬದಲಿಸಲಾಗದು ಎಂಬ ಉತ್ತರ ಹುಡುಕುತ್ತ ಭವಿಷ್ಯಕ್ಕೆ ಹೊರಡುತ್ತಾನೆ. ಒಳ್ಳೆಯ ಪ್ರಶ್ನೆ, ಅಲ್ಲವೇ? ಇಲ್ಲಿಯವರೆಗೂ ಚಿತ್ರ ನಮ್ಮನ್ನು ಹಿಡಿದಿರುತ್ತದೆ.

ಆಮೇಲೆ ಕೈ ತಪ್ಪುತ್ತದೆ. 2037ರಲ್ಲಿ ಚಂದ್ರನಲ್ಲಿ ಸಿಡಿಮದ್ದು ಹಾರಿಸಿ ಚಂದ್ರನೇ ಒಡೆದಿರುತ್ತಾನೆ. ಯಾರ ದುರಾಸೆ, ಯಾರ ತಪ್ಪು ಎಂಬುದನ್ನು ಚಿತ್ರ ಒಂದೆರಡು ನಿಮಿಷದಲ್ಲಿ ದಾಟಿಬಿಡುತ್ತದೆ. 802701ರಲ್ಲಿ ಇಲಾಯ್‌ಗಳು ಬಂಡೆಗೆ ಗುಡಿಸಲು ಅಂಟಿಸಿಕೊಂಡ ಸಭ್ಯ ಬುಡಕಟ್ಟು. ವೆಲ್ಸ್‌ನ ಸೋಮಾರಿತನವೂ ಇಲ್ಲ, ಪಾಲ್‌ನ ಸೈರನ್ನೂ ಇಲ್ಲ. ಮಾರ್ಲಾಕ್‌ಗಳು ಮರಳಿನಿಂದ ಜಿಗಿದು ಬೇಟೆಯಾಡುವ ಪ್ರಾಣಿಗಳು. ಹೀಗಾದ ಮೇಲೆ ಇಲಾಯ್‌ಗಳ ಪಾಡಿಗೂ ನಮಗೂ ಏನು ಸಂಬಂಧ? ಕಾಡಿನಲ್ಲಿ ಹುಲಿ ಜಿಂಕೆಯನ್ನು ಹಿಡಿದ ಹಾಗೆ. ನಾಯಕ ಲಕ್ಷಾಂತರ ವರ್ಷ ಹುಡುಕಿದ ಉತ್ತರವನ್ನು ಮಾರ್ಲಾಕ್‌ಗಳ ನಾಯಕ, ಜೆರೆಮಿ ಐರನ್ಸ್, ಕುರ್ಚಿಯಲ್ಲಿ ಕೂತು ಹೇಳಿ ಮುಗಿಸುತ್ತಾನೆ: ಅವಳು ಸತ್ತದ್ದರಿಂದ ತಾನೇ ಯಂತ್ರ ಹುಟ್ಟಿತು, ಅವಳು ಬದುಕಿದರೆ ಯಂತ್ರವೇ ಇಲ್ಲ. ಸರಿಯಾದ ತರ್ಕ. ಆದರೆ ದುಃಖ ತರ್ಕಕ್ಕೆ ಬಗ್ಗುತ್ತದೆಯೇ? ಅದನ್ನು ನಾಯಕ ಹೇಗೆ ನುಂಗಿಕೊಂಡ ಎಂದು ತೋರಿಸುವಷ್ಟರಲ್ಲಿ ಗುದ್ದಾಟ, ಸ್ಫೋಟ, ಮುಕ್ತಾಯ. ಸತ್ತ ಹುಡುಗಿಯನ್ನು ನಾವೂ ಮರೆತಿರುತ್ತೇವೆ, ಚಿತ್ರವೂ ಮರೆತಿರುತ್ತದೆ.

ಹಾಗಾದರೆ ಮೊದಲಿನ ಪ್ರಶ್ನೆಗೆ ಏನು ಹೇಳೋಣ? ಬದಲಾವಣೆ ತಪ್ಪಲ್ಲ. ಪಾಲ್ ಕೂಡ ಬದಲಾಯಿಸಿದ, ಅದೂ ಬೆನ್ನುಮೂಳೆಯನ್ನೇ. ಆದರೆ ವೆಲ್ಸ್ ತೆಗೆದಿಟ್ಟ ಪ್ರಶ್ನೆಯ ಜಾಗದಲ್ಲಿ ಅಷ್ಟೇ ತೂಕದ, ತಾನು ಉಂಡು ಅರಗಿಸಿಕೊಂಡ ಇನ್ನೊಂದು ಪ್ರಶ್ನೆಯನ್ನು ತಂದಿಟ್ಟ. ನಾಲ್ಕು ದೇಶ ಬಿಟ್ಟು ಓಡಿದವನಿಗೆ ಯುದ್ಧ ಬಾಯಿಮಾತಲ್ಲ. 2002ರ ಚಿತ್ರ ಹಳೆಯ ಎರಡು ಪ್ರಶ್ನೆಗಳನ್ನೂ ಕಿತ್ತುಹಾಕಿತು. ತಾನೇ ಎತ್ತಿದ ಮೂರನೆಯದನ್ನು ಅರ್ಧದಲ್ಲಿ ಕೈಬಿಟ್ಟಿತು. ಉಳಿದದ್ದು ಯಂತ್ರ ಮಾತ್ರ. ರಕ್ತಸಂಬಂಧದಿಂದ ಹೆಸರು ಬರಬಹುದು, ಹಕ್ಕೂ ಬರಬಹುದು. ಒಂದು ಕೃತಿಯ ವಾರಸುದಾರಿಕೆ ಬೇರೆ ದಾರಿಯಿಂದ ಬರುತ್ತದೆ.

ಊರಿಂದ ದೂರ ಕೂತು ಕನ್ನಡ ನಾಟಕ ಆಡಿಸುವ, ಹಳೆಯ ಕಥೆಗಳನ್ನು ರೂಪಾಂತರ ಮಾಡುವ ನಮ್ಮಂಥವರಿಗೂ ಈ ಮಾತು ಬೇಕಾದದ್ದೇ. ಯಾರದೋ ಕೃತಿಯನ್ನು ಕೈಗೆತ್ತಿಕೊಳ್ಳುವಾಗ ಏನನ್ನು ಕತ್ತರಿಸೋಣ ಅಂತ ಎಲ್ಲರೂ ಕೇಳುತ್ತಾರೆ. ಕತ್ತರಿಸಿದ ಜಾಗಕ್ಕೆ ನಮ್ಮ ಬದುಕಿನಿಂದ ಏನನ್ನು ತರುತ್ತೇವೆ ಅಂತ ಕೇಳಿಕೊಳ್ಳುವವರು ಕಡಿಮೆ.

ಸಾಧ್ಯವಾದರೆ ಎರಡೂ ಚಿತ್ರ ನೋಡಿ. ಮೊದಲು 2002ರದು ನೋಡಿ, ಕಣ್ಣಿಗೆ ಬೇಸರವಾಗುವುದಿಲ್ಲ. ಮಾರನೆಯ ದಿನ 1960ರದು ನೋಡಿ. ಸೈರನ್ ಕೂಗಿದಾಗ ಇಲಾಯ್‌ಗಳ ಮುಖ ನೋಡುವುದನ್ನು ಮರೆಯಬೇಡಿ.